ಗಾಡಿ ಖಾಲಿ ಇದ್ಯಾ ಮಾರಾಯ್ರೆ?

ತೀರ್ಥಹಳ್ಳಿ ಸೀಮೆಯಲ್ಲಿ ಮನೆ ಮುಂದೆ ಪಿಕಪ್ ಬಂದು ನಿಂತಿತು ಎಂದರೆ ಆ ಮನೆ ಯಜಮಾನನ ಹೆಸರು ಅಳಿಸಿಹೋಯಿತು ಎಂದೇ ತಿಳಿಯಬೇಕು. ಗಾಡಿ ತಂದ ವಾರದೊಳಗೆ ನಾನು 'ಪಿಕಪ್ ಭಟ್ರು' ಆಗಿದ್ದೆ. ಅಜ್ಜನ ಕಾಲದಿಂದ ನಡೆದುಬಂದ ಮನೆತನದ ಹೆಸರು ಒಂದು ಸೆಕೆಂಡ್ ಹ್ಯಾಂಡ್ ಡೀಸೆಲ್ ಎಂಜಿನ್ನಿನ ಹೊಗೆಯಲ್ಲಿ ಮಾಯವಾಯಿತು. ಈಗ ಫೋನ್ ಎತ್ತಿದರೆ ಆರೋಗ್ಯ, ಮಳೆ, ಅಡಿಕೆ ದರ ಯಾವುದರ ವಿಚಾರಣೆಯೂ ಇಲ್ಲ. ನೇರವಾಗಿ "ಗಾಡಿ ಖಾಲಿ ಇದ್ಯಾ ಮಾರಾಯ್ರೆ?" ಗಾಡಿ ಖಾಲಿ ಇದ್ದರೆ ಡ್ರೈವರೂ ಖಾಲಿ ಎಂಬುದು ಊರವರ ಲೆಕ್ಕ. ಡ್ರೈವರ್ ಎಂದರೆ ನಾನೇ.

ಹಿಂದೆಲ್ಲ ಈ ಚಾಕರಿ ಜೀಪಿನದು. ಮಹೀಂದ್ರದವರು 1947ರಲ್ಲಿ ವಿಲ್ಲೀಸ್ ಜೀಪನ್ನು ಇಲ್ಲಿ ಜೋಡಿಸಲು ಶುರುಮಾಡಿದ್ದೇ ಮಲೆನಾಡಿನವರಿಗಾಗಿ ಎಂದು ನಮ್ಮ ಹಿರಿಯರು ಗಟ್ಟಿಯಾಗಿ ನಂಬಿದ್ದರು. ಮದುಮಗಳಿಂದ ಹಿಡಿದು ಹಿಂಡಿ ಮೂಟೆಯವರೆಗೆ ಎಲ್ಲ ಅದರಲ್ಲೇ ಬರುತ್ತಿತ್ತು, ಕೆಲವೊಮ್ಮೆ ಒಂದೇ ಟ್ರಿಪ್ಪಿನಲ್ಲಿ. 2005ರಲ್ಲಿ ಟಾಟಾ ಏಸ್ ಬಂತು. ಎರಡೇ ಸಿಲಿಂಡರು, 702 ಸಿಸಿ ಎಂಜಿನ್ನು. ಜನ ಅದಕ್ಕೆ 'ಛೋಟಾ ಹಾಥಿ' ಎಂದು ಹೆಸರಿಟ್ಟು, ಛೋಟಾ ಎಂಬುದನ್ನು ಮರೆತು ಹೇರಿದರು. ಆಮೇಲೆ ದೊಡ್ಡ ಪಿಕಪ್‌ಗಳು ಬಂದವು. ಒಂದೂವರೆ ಟನ್ನು ಎಂಬುದು ಮನೆಮಾತಾಯಿತು.

ನಾನು ಪಿಕಪ್ ಕೊಳ್ಳಲು ಹೆಂಡತಿಗೆ ಹೇಳಿದ ಕಾರಣ ಬೇರೆ, ನಿಜವಾದ ಕಾರಣ ಬೇರೆ. ಹೇಳಿದ್ದು: ಗೊನೆ ಸಾಗಿಸುವ ಬಾಡಿಗೆ, ಗೊಬ್ಬರ ತರುವ ಬಾಡಿಗೆ, ಶಿವಮೊಗ್ಗದ ಮಂಡಿಗೆ ಅಡಿಕೆ ಒಯ್ಯುವ ಬಾಡಿಗೆ ಎಲ್ಲ ಉಳಿದು, ಗಾಡಿ ತನ್ನ ಸಾಲವನ್ನು ತಾನೇ ತೀರಿಸಿಕೊಳ್ಳುತ್ತದೆ. ನಿಜವಾದದ್ದು: ಆಗುಂಬೆ ರಸ್ತೆಯ ಒಂದು ಹೋಂಸ್ಟೇ ಮುಂದೆ ಬೆಂಗಳೂರಿನವರ ಹೈಲಕ್ಸ್ ನಿಂತದ್ದು ಕಂಡೆ. 2022ರಲ್ಲಿ ನಮ್ಮ ದೇಶಕ್ಕೆ ಬಂದ ಗಾಡಿ, ಆಗಿನ ಬೆಲೆ ಮೂವತ್ತು ಲಕ್ಷದ ಮೇಲೆ. ಮೈಯೆಲ್ಲ ಕೆಸರು, ಕಿಟಕಿ ಪಕ್ಕ ಮೇಲೆದ್ದ ಕರಿ ಕೊಳವೆ, ಭಾರಿ ಟೈರು, ಹಿಂದೆ ಮಾತ್ರ ಏನೂ ಇಲ್ಲ. ಪಿಕಪ್ ಇಟ್ಟುಕೊಂಡು ಅದರಲ್ಲಿ ಏನನ್ನೂ ಹೇರದೆ ತಿರುಗುವ ಜನ ಭೂಮಿಯ ಮೇಲಿದ್ದಾರೆ ಎಂದು ನನಗೆ ಗೊತ್ತಾದದ್ದೇ ಅವತ್ತು. ಬದುಕಿದರೆ ಹಾಗೆ ಬದುಕಬೇಕು ಅನ್ನಿಸಿತು.

ನನ್ನ ದುಡ್ಡಿಗೆ ಸಿಕ್ಕಿದ್ದು ಹಳದಿ ಬೋರ್ಡಿನ ಗೂಡ್ಸ್ ಗಾಡಿ. ಯಾವ ಕಂಪನಿಯದು ಎಂದು ಹೇಳುವುದಿಲ್ಲ, ಅವರ ತಪ್ಪೇನೂ ಇಲ್ಲ. ಹಿಂದಿನ ಮಾಲೀಕ ಅದರಲ್ಲಿ ಮಲ್ಪೆಯಿಂದ ಘಟ್ಟದ ಮೇಲಕ್ಕೆ ಮೀನು ತರುತ್ತಿದ್ದನಂತೆ. ಗಾಡಿ ತೋರಿಸುವಾಗ ಕ್ಯಾಬಿನ್ನಿನಲ್ಲಿ ಊದುಬತ್ತಿ ಹಚ್ಚಿಟ್ಟಿದ್ದ. ದೈವಭಕ್ತ ಎಂದುಕೊಂಡೆ. ಮನೆಗೆ ತಂದು ಬಿಸಿಲಿಗೆ ನಿಲ್ಲಿಸಿದ ಮೇಲೆ ಬಂಗುಡೆ ಮಾತಾಡತೊಡಗಿತು. ನಮ್ಮದು ಹಬ್ಬದ ದಿನ ಈರುಳ್ಳಿಯೂ ಒಳಗೆ ಬಾರದ ಮನೆ. ಅತ್ತೆಯವರು ಜಗಲಿ ಇಳಿಯದೆಯೇ "ಮೊದಲು ಪುಣ್ಯಾಹ ಮಾಡಿಸಿ" ಎಂದರು. ಪುಣ್ಯಾಹ ಆಯಿತು. ಹುಣಸೆಹುಳಿ, ಸೀಗೆಪುಡಿ, ವಾಟರ್ ಸರ್ವಿಸ್ ಹುಡುಗನ ಶಾಂಪೂ ಎಲ್ಲ ಆಯಿತು. ಮನುಷ್ಯರ ಮೂಗಿಗೆ ವಾಸನೆ ಹೋಯಿತು. ಬೆಕ್ಕುಗಳು ಅಷ್ಟು ಸುಲಭಕ್ಕೆ ಒಪ್ಪುವ ಪೈಕಿಯಲ್ಲ. ಸೊಸೈಟಿ ಮುಂದೆ ನಿಲ್ಲಿಸಲಿ, ಮಠದ ಮುಂದೆ ನಿಲ್ಲಿಸಲಿ, ಎಲ್ಲಿಂದಲೋ ಬಂದು ಗಾಡಿ ಸುತ್ತ ಕೂತು ತಲೆಯೆತ್ತಿ ನೋಡುತ್ತಿದ್ದವು. "ಭಟ್ರು ಒಳಗಿದ್ದಾರೆ, ಹೊರಗೆ ಬೆಕ್ಕು ಕೂತಿದೆ" ಎಂದು ಜನ ನನ್ನ ವಿಳಾಸ ಹೇಳಿಕೊಳ್ಳುತ್ತಿದ್ದರು.

ಮೊದಲ ಸರ್ವಿಸಿಗೆ ಪೇಟೆಯ ಗ್ಯಾರೇಜಿಗೆ ಒಯ್ದೆ. ಮೇಸ್ತ್ರಿ ಕೆಳಗೆ ಹೋಗಿ ಮಲಗಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಳವನ್ನು ಟಣ್ ಟಣ್ ಎಂದು ಬಡಿಯುತ್ತ ಬಂದ. ಒಂದು ಕಡೆ ಟಣ್ ಎನ್ನುವ ಬದಲು 'ಬಸ್' ಎಂದಿತು. ಸ್ಕ್ರೂಡ್ರೈವರ್ ಮೇಲೆ ಬಂದು ನನಗೆ ಕಾಣಿಸಿತು. ಐಸು ಕರಗಿದ ಮೀನಿನ ಉಪ್ಪುನೀರು ಕೆಲಸ ಮುಗಿಸಿತ್ತು. "ಇದ್ರಲ್ಲಿ ಹಿಂದೆ ಯಾರು ಕೆಲ್ಸ ಮಾಡಿದ್ದು?" ಎಂದು ಮೇಸ್ತ್ರಿ ಬೇಸರದಿಂದ ಕೇಳಿದ. ಇದು ಮೇಸ್ತ್ರಿಗಳೆಲ್ಲರ ನಾಂದಿ ಶ್ಲೋಕ. ಮರುವರ್ಷವೂ ಅದನ್ನೇ ಕೇಳಿದ. "ನೀನೇ ಅಲ್ವೇನೋ" ಎಂದೆ. "ಹಂಗಾದ್ರೆ ಅದರ ಹಿಂದೆ ಯಾರು?" ಎಂದ.

ಕೆಳಗಿನಿಂದ ಮಲ್ಪೆ ತಿಂದದ್ದಾಯಿತು. ಮೇಲಿನಿಂದ ತಿನ್ನಿಸುವ ಪುಣ್ಯ ನನ್ನ ಪಾಲಿಗೆ ಬಂತು. ಮಳೆಗಾಲ ಹಿಡಿಯುವ ಹೊತ್ತಿಗೆ ನಮ್ಮಲ್ಲಿ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಗಡಿಬಿಡಿ. ನೂರು ಲೀಟರ್ ನೀರಿಗೆ ಒಂದು ಕೆ.ಜಿ. ಮೈಲುತುತ್ತು, ಒಂದು ಕೆ.ಜಿ. ಸುಣ್ಣ. ಇಡೀ ಕೇರಿಯ ಮೈಲುತುತ್ತು ನನ್ನ ಗಾಡಿಯಲ್ಲೇ ಬಂತು, ಏಕೆಂದರೆ ಗಾಡಿ ಖಾಲಿ ಇತ್ತು. ಒಂದು ಚೀಲ ಹರಿದಿತ್ತು. ಅದರ ಮೇಲೆ ಮಳೆ ಸುರಿದು, ನೀಲಿ ನೀರು ತಳದ ಗೆರೆಗಳಲ್ಲಿ ರಾತ್ರಿಯಿಡೀ ನಿಂತಿತು. ಬೆಳಗ್ಗೆ ನೋಡುತ್ತೇನೆ, ಬಣ್ಣ ಕಿತ್ತುಹೋದ ಕಡೆಯೆಲ್ಲ ತಗಡು ಕೆಂಪಗೆ ಆಗಿದೆ. ತುಕ್ಕಿನ ಕೆಂಪಲ್ಲ. ಬಟ್ಟೆಯಲ್ಲಿ ಉಜ್ಜಿದರೆ ಹೊಸ ಚೊಂಬಿನ ಹಾಗೆ ಹೊಳಪು. "ಏ ಬಾರೇ ಇಲ್ಲಿ, ಗಾಡಿಗೆ ತಾಮ್ರ ಕೂತಿದೆ!" ಎಂದು ಹೆಂಡತಿಯನ್ನು ಕೂಗಿದೆ. ಬಂದದ್ದು ಮಗಳು. "ಅಪ್ಪಾ, ತಾಮ್ರ ಕೂತಿದೆ ಅಂದ್ರೆ ಅಷ್ಟು ಕಬ್ಬಿಣ ಎದ್ದುಹೋಗಿದೆ ಅಂತ" ಎಂದಳು. ಎಸ್ಸೆಸ್ಸೆಲ್ಸಿ ವಿಜ್ಞಾನದ ಪುಸ್ತಕದಲ್ಲೇ ಈ ಪ್ರಯೋಗ ಇದೆಯಂತೆ. ಅಲ್ಲಿ ಮೈಲುತುತ್ತಿನ ನೀರಿಗೆ ಕಬ್ಬಿಣದ ಮೊಳೆ ಹಾಕಿ ತೋರಿಸುತ್ತಾರೆ. ನಾನು ಪಿಕಪ್ ಹಾಕಿದ್ದೆ.

ತಳ ಪೂರ್ತಿ ಬದಲಿಸಬೇಕಾಯಿತು. ವೆಲ್ಡಿಂಗ್ ಶಾಪಿನಲ್ಲಿ ಬಾಡಿ ಇಳಿಸಿ, ಚಾಸಿ ಬರಿಮೈಯಲ್ಲಿ ನಿಂತಿದ್ದಾಗ ಮೇಸ್ತ್ರಿ ಹೇಳಿದ ಮಾತು ನನ್ನ ಸಂಸಾರವನ್ನು ಅಲ್ಲಾಡಿಸಿತು. "ಹ್ಯಾಗೂ ಬಿಚ್ಚಿದೀವಲ್ಲ ಭಟ್ರೆ."

ಹ್ಯಾಗೂ ಬಿಚ್ಚಿದ್ದೇವೆ ಎಂದು ಹಿಂದಿನ ಸ್ಪ್ರಿಂಗಿಗೆ ಎರಡೆರಡು ಪ್ಲೇಟು ಹೆಚ್ಚಿಗೆ ಬಿತ್ತು. ಹ್ಯಾಗೂ ಬಿಚ್ಚಿದ್ದೇವೆ ಎಂದು ಅಗಲ ಟೈರು ಬಂತು. ಮುಂದೆ ದಪ್ಪ ಪೈಪಿನ ಬಂಪರ್ ಬಂತು. ಹೈಲಕ್ಸಿನ ಕೊಳವೆ ಮಾತ್ರ ಸಿಗಲಿಲ್ಲ. ಪಿವಿಸಿ ಪೈಪಿನಲ್ಲಿ ಮಾಡಿಸೋಣವೇ ಎಂದು ಕೇಳಿದೆ. ಮೇಸ್ತ್ರಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಚಾ ಕುಡಿಯಲು ಹೋದ. ಅವನಿಗೂ ಒಂದು ಮಿತಿ ಇದೆ ಎಂದು ಅವತ್ತು ತಿಳಿಯಿತು.

ಪ್ಲೇಟಿನ ಮಹಿಮೆ ಮನೆಗೆ ಬರುವ ದಾರಿಯಲ್ಲೇ ಗೊತ್ತಾಯಿತು. ಗಾಡಿ ಖಾಲಿ ಇದ್ದಾಗ ಹಿಂದಿನ ಸ್ಪ್ರಿಂಗ್ ಒಂದು ಚೂರೂ ಬಗ್ಗುವುದಿಲ್ಲ. ರಸ್ತೆಯಲ್ಲಿ ಒಂದು ಅಡಿಕೆ ಸಿಪ್ಪೆ ಬಿದ್ದಿದ್ದರೂ ಅದರ ಸುದ್ದಿ ನೇರ ನನ್ನ ಬೆನ್ನುಮೂಳೆಗೆ. ಹಿಂಭಾಗ ಎತ್ತರವಾಗಿ ಮುಂಭಾಗ ತಗ್ಗಿ, ಹೆಡ್‌ಲೈಟು ರಸ್ತೆ ಬಿಟ್ಟು ಬಂಪರಿನ ಮುಂದಿನ ಇರುವೆಗಳನ್ನು ತೋರಿಸತೊಡಗಿತು. ಹೆಂಡತಿ ತವರಿಗೆಂದು ಒಮ್ಮೆ ಪಕ್ಕದಲ್ಲಿ ಕೂತು ಕೊಪ್ಪದವರೆಗೆ ಬಂದಳು. ವಾಪಸು ಬಸ್ಸಿನಲ್ಲಿ ಬಂದಳು. "ರೀ, ಈ ಗಾಡಿಯಲ್ಲಿ ಮೊಸರು ಒಯ್ದರೆ ಬೆಣ್ಣೆ ಇಳಿಸಿಕೊಳ್ಳಬಹುದು" ಎಂಬ ಮಾತನ್ನು ಮಾತ್ರ ಎಲ್ಲರ ಮನೆಗೂ ಹಂಚಿದಳು.

ಇದೆಲ್ಲ ನಗೆಯ ಮಾತಾಯಿತು. ಆಗುಂಬೆ ಘಟ್ಟ ಇಳಿಯುವಾಗ ಆದದ್ದು ಅಷ್ಟು ನಗೆಯದಲ್ಲ. ಹೆಬ್ರಿ ಕಡೆಯ ಸಂಬಂಧಿಕರು ತಮ್ಮ ಮನೆಗೆ ಹಂಚು ತಂದುಕೊಡು ಎಂದಿದ್ದರು. ಹಳೇ ಮನೆಯ ಹಂಚು ತುಂಬಿಸಿಕೊಂಡು ಹೊರಟೆ. ಹದಿನಾಲ್ಕು ಹೇರ್‌ಪಿನ್ ತಿರುವು. ಬ್ರೇಕ್ ಒತ್ತಿದರೆ ಮುಂದಿನ ಚಕ್ರ ನಿಲ್ಲಲು ನೋಡುತ್ತದೆ, ಹಿಂದಿನದು ನನಗೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತದೆ. ಪೂರ್ತಿ ಸ್ಟೇರಿಂಗ್ ತಿರುಗಿಸಿದಾಗ ಅಗಲ ಟೈರು ಮಡ್‌ಗಾರ್ಡಿಗೆ ಉಜ್ಜಿ ರಬ್ಬರಿನ ಹೊಗೆ. ಫಸ್ಟ್ ಗೇರಿನಲ್ಲಿ, ಗೊತ್ತಿದ್ದ ದೇವರನ್ನೆಲ್ಲ ಕರೆದು, ಹಿಂದೆ ಸಾಲುಗಟ್ಟಿದ ಕಾರಿನವರ ಹಾರ್ನಿನ ಮಂಗಳಾರತಿ ಮಾಡಿಸಿಕೊಳ್ಳುತ್ತ ಸೋಮೇಶ್ವರ ತಲುಪಿದೆ.

ಕೆಳಗಿನ ಒಬ್ಬ ಹಿರಿಯ ಮೆಕ್ಯಾನಿಕ್ ಗಾಡಿಯ ಹಿಂದೆ ಬಗ್ಗಿ ನೋಡಿ ಕಾರಣ ಹೇಳಿದರು. ಹಿಂದಿನ ಆಕ್ಸಲ್ ಹತ್ತಿರ ಒಂದು ಸಣ್ಣ ವಾಲ್ವ್ ಇರುತ್ತದೆ. ಲೋಡು ಬಿದ್ದು ಹಿಂಭಾಗ ತಗ್ಗಿದಷ್ಟೂ ಹಿಂದಿನ ಚಕ್ರಕ್ಕೆ ಬ್ರೇಕ್ ಜಾಸ್ತಿ ಬಿಡುವುದು, ತಗ್ಗದಿದ್ದರೆ ಕಮ್ಮಿ ಬಿಡುವುದು ಅದರ ಕೆಲಸ. ಹೆಚ್ಚಿಗೆ ಪ್ಲೇಟು ಹಾಕಿದ ನನ್ನ ಗಾಡಿ ಎಷ್ಟು ಹಂಚು ಹೇರಿದರೂ ತಗ್ಗುವುದೇ ಇಲ್ಲ. ಹಾಗಾಗಿ ಗಾಡಿ ಖಾಲಿ ಇದೆ ಎಂದೇ ಆ ವಾಲ್ವ್ ಪಾಪ ನಂಬಿಕೊಂಡಿತ್ತು. ಊರವರ ಜೊತೆಗೆ ಅದೂ ಒಂದು.

ಪ್ಲೇಟು ತೆಗೆಸಿದೆ. ಆದರೆ ಬುದ್ಧಿ ಪೂರ್ತಿ ಬರುವುದಕ್ಕೆ ಇನ್ನೂ ರಿವರ್ಸ್ ಹಾರ್ನ್ ಬಾಕಿ ಇತ್ತು. ಎಲ್ಲರ ಗಾಡಿ ಹಿಂದೆ ಬರುವಾಗ ಕೀಂ ಕೀಂ ಎಂದರೆ ನನ್ನದರಲ್ಲಿ ಮಂಗಳವಾದ್ಯ ಬರಲಿ ಎಂದು ಗಟ್ಟಿಮೇಳದ ವಾಲಗ ಹಾಕಿಸಿದೆ. ಅಂಗಡಿಯವನು ನವಿಲಿನ ಕೂಗೂ ಇದೆ ಎಂದಿದ್ದ, ನಾನೇ ಬೇಡ ಎಂದೆ. ಒಂದು ಮದುವೆಯಲ್ಲಿ ಪಾತ್ರೆ ಇಳಿಸಲು ಮಂಟಪದ ಹಿಂದೆ ರಿವರ್ಸ್ ತೆಗೆದೆ. ತಾಳಿ ಇನ್ನೂ ತಟ್ಟೆಯಲ್ಲಿತ್ತು, ಹಿಂದಿನ ಸಾಲಿನವರೆಲ್ಲ ಅಕ್ಷತೆ ಹಾಕಿ ಊಟದ ಹಾಲಿಗೆ ಓಡಿದರು. ಅದನ್ನು ಜನ ಕ್ಷಮಿಸಿದರು. ಮೇಲಿನಕೇರಿಯ ಅಜ್ಜ ತೀರಿಕೊಂಡಾಗ ಮಾತ್ರ ಆಗಬಾರದ್ದಾಯಿತು. ಮಾವಿನ ಕಟ್ಟಿಗೆ ತುಂಬಿಕೊಂಡು ಹೋಗಿದ್ದೆ. ಅಂಗಳ ತುಂಬ ಜನ, ಯಾರೂ ಮಾತಾಡುತ್ತಿಲ್ಲ. ಗಾಡಿ ತಿರುಗಿಸಲು ಜಾಗವಿಲ್ಲ, ಹಿಂದಕ್ಕೇ ಬರಬೇಕು. ಗೇರಿನ ಮೇಲೆ ಕೈಯಿಟ್ಟ ಮೇಲೆ ನೆನಪಾಯಿತು. ನ್ಯೂಟ್ರಲ್ ಮಾಡಿ ತಳ್ಳಿಸೋಣ ಎಂದರೆ ಏರು. ಅಷ್ಟರಲ್ಲಿ ಕೆಳಮನೆ ಗೌಡರು "ಬನ್ನಿ ಬನ್ನಿ, ಹಿಂದೆ ಬನ್ನಿ" ಎಂದು ಕೈ ಬೀಸತೊಡಗಿದರು. ಬಂದೆ. ನಾದಸ್ವರ, ಡೋಲು, ತಾಳ ಎಲ್ಲ ಒಟ್ಟಿಗೆ ಬಂತು. ಯಾರದೋ ಸೊಂಟದ ಮೇಲಿದ್ದ ಮಗು ಚಪ್ಪಾಳೆ ತಟ್ಟಿತು. ಅಜ್ಜನ ಹಿರಿಮಗ ಹತ್ತಿರ ಬಂದಾಗ ಏಟು ಬಿತ್ತು ಎಂದೇ ಕಣ್ಣು ಮುಚ್ಚಿದೆ. "ಅಪ್ಪಯ್ಯಂಗೆ ವಾಲಗ ಅಂದ್ರೆ ಜೀವ ಆಗಿತ್ತು ಭಟ್ರೆ" ಎಂದು ಅವರು ಕಣ್ಣೊರೆಸಿಕೊಂಡರು. ಆ ದೊಡ್ಡತನಕ್ಕೆ ನಾನು ಇವತ್ತಿಗೂ ಋಣಿ. ಆ ಮನೆಯವರಿಗೆ ಬಾಡಿಗೆ ಕೇಳುವ ಮುಖ ಮಾತ್ರ ನನಗೆ ಶಾಶ್ವತವಾಗಿ ಹೋಯಿತು.

ಉಳಿದಿದ್ದ ವೈಭವವನ್ನು ಎಫ್‌ಸಿ, ಅಂದರೆ ಫಿಟ್‌ನೆಸ್ ಸರ್ಟಿಫಿಕೇಟು, ಇಳಿಸಿತು. ಸಾಗಣೆ ವಾಹನಕ್ಕೆ ಎಂಟು ವರ್ಷ ದಾಟಿದರೆ ವರ್ಷ ವರ್ಷವೂ ಎಫ್‌ಸಿ ಮಾಡಿಸಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಗಾಡಿ ಕಂಪನಿ ಕೊಟ್ಟ ಹಾಗೇ ಇರಬೇಕು. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಹೇಳಿತು. ಪೈಪಿನ ಬಂಪರು ಬೇಡವೆಂದು ಕೇಂದ್ರದ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲೇ ರಾಜ್ಯಗಳಿಗೆ ಬರೆದಿತ್ತು. ನನ್ನ ಗಾಡಿ ಸರ್ಕಾರದ ಮೂರೂ ಅಂಗಗಳಿಗೆ ವಿರುದ್ಧವಾಗಿ ಓಡುತ್ತಿತ್ತು ಎಂದಾಯಿತು. ಹಿಂದಿನ ರಾತ್ರಿ ಕೂತು ಬಂಪರ್, ಟೈರು, ಹಾರ್ನು ಎಲ್ಲ ಬಿಚ್ಚಿ, ರಿಫ್ಲೆಕ್ಟರ್ ಟೇಪನ್ನು ಸ್ವಂತ ಕೈಯಿಂದ ಅಂಟಿಸಿದೆ. ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು ಎಂಬುದು ನಿಯಮ. ಕತ್ತಲಲ್ಲಿ ನಾನು ಅಂಟಿಸಿದ್ದನ್ನು ಬೆಳಗ್ಗೆ ಇನ್‌ಸ್ಪೆಕ್ಟರು ಒಂದು ಸುತ್ತು ಬಂದು ನೋಡಿ, ಬಹಳ ಮರ್ಯಾದೆಯಿಂದ ಕೇಳಿದರು: "ಸಾರ್, ನಿಮ್ಮ ಗಾಡಿ ಯಾವ ಕಡೆಗೆ ಹೋಗ್ತದೆ?"

ಟೇಪು ಕಿತ್ತು ತಿರುಗಿಸಿ ಅಂಟಿಸಿ ಎಫ್‌ಸಿ ಆಯಿತು. ಈಗ ಗಾಡಿ ಕಂಪನಿಯವರು ಮಾಡಿದ ಹಾಗೇ ಇದೆ, ತಳದ ತಗಡು ಒಂದನ್ನು ಬಿಟ್ಟು. ಆ ಪೈಪಿನ ಬಂಪರು ಕೊಟ್ಟಿಗೆಯಲ್ಲಿ ಎಮ್ಮೆ ಕಟ್ಟಲು ಬಹಳ ಅನುಕೂಲವಾಗಿದೆ. ಹೈಲಕ್ಸಿನವರ ಹಾಗೆ ಖಾಲಿ ಗಾಡಿಯಲ್ಲಿ ಆಗುಂಬೆಗೆ ಹೋಗಿ ಸೂರ್ಯಾಸ್ತ ನೋಡುವ ಆಸೆ ಹಾಗೇ ಉಳಿದಿದೆ. ಹೊರಟಾಗಲೆಲ್ಲ ಯಾರಾದರೂ ಕೈ ಅಡ್ಡ ಹಾಕಿ ಏನಾದರೂ ಹೇರುತ್ತಾರೆ.

ಊರಿನವರು ಇದನ್ನು ಓದುತ್ತಿದ್ದರೆ ಒಂದು ವಿನಂತಿ. ಗಾಡಿ ಬೇಕಾದರೆ ಹಿಂದಿನ ದಿನವೇ ಹೇಳಿ, ಡೀಸೆಲ್ ಹಾಕಿಸಿಕೊಡಿ. ಮೈಲುತುತ್ತು ತರುವವರು ಅಡಿಗೆ ಹಾಸಲು ಗಟ್ಟಿ ತಾಡಪಾಲು ನೀವೇ ತನ್ನಿ. ದಿಬ್ಬಣದವರು ಹಿಂದೆ ಹತ್ತಿಸಿಕೊಳ್ಳಿ ಎಂದು ಕೇಳಬೇಡಿ, ಗೂಡ್ಸ್ ಗಾಡಿಯಲ್ಲಿ ಕೂತವರಿಗೆ ಇನ್ಶೂರೆನ್ಸ್ ಇಲ್ಲ. ಮತ್ತೆ, ಆ ರಿವರ್ಸ್ ಹಾರ್ನ್ ಚೆನ್ನಾಗಿಯೇ ಇದೆ, ಬೇಕಾದವರು ಬಂದು ಪುಕ್ಕಟೆ ಒಯ್ಯಬಹುದು.