ಯಾರ ಲೈಫ್‌ಟೈಮು?

ಕಾರು ಕೊಳ್ಳುವಾಗ ಬಣ್ಣ ಆರಿಸುವ ಅಧಿಕಾರ ಮನೆಯಲ್ಲಿ ಯಾರಿಗಿರುತ್ತದೋ, ಮುಂದೆ ಆ ಬಣ್ಣ ಒರೆಸುವ ಕೆಲಸ ಅವರ ಪಾಲಿಗೆ ಬರುವುದಿಲ್ಲ. ನಮ್ಮಲ್ಲಿ ಕಡುನೀಲಿಯೇ ಬೇಕೆಂದು ಹಟ ಹಿಡಿದವಳು ಮಗಳು. ಷೋರೂಮಿನ ದೀಪಗಳ ಕೆಳಗೆ ನನಗೂ ಅದು ಚೆನ್ನಾಗಿಯೇ ಕಂಡಿತ್ತು. ಮಗಳು ಮದುವೆಯಾಗಿ ಪುಣೆಗೆ ಹೋದಳು. ಕಡುನೀಲಿ ಮಾತ್ರ ಬಸವನಗುಡಿಯ ಅಡ್ಡರಸ್ತೆಯೊಂದರ ಹೊಂಗೆ ಮರದ ಕೆಳಗೆ ನನಗಾಗಿ ಉಳಿಯಿತು.

ಕಡುಬಣ್ಣದ ಕಾರು ಏನನ್ನೂ ಮುಚ್ಚಿಡುವುದಿಲ್ಲ. ಪಕ್ಕದ ಮನೆಯ ಬಿಳಿ ಕಾರು ಹದಿನೈದು ದಿನ ನೀರು ಕಾಣದಿದ್ದರೂ ಬೀದಿಯಲ್ಲಿ ಸಂಭಾವಿತ ಎನಿಸಿಕೊಳ್ಳುತ್ತದೆ. ನಮ್ಮದು ಬೆಳಿಗ್ಗೆ ತೊಳೆದರೆ ಮಧ್ಯಾಹ್ನದೊಳಗೆ ಊರಿನ ಕಾಮಗಾರಿಗಳ ಲೆಕ್ಕವನ್ನೆಲ್ಲ ಮೈಮೇಲೆ ಬರೆದುಕೊಂಡಿರುತ್ತದೆ. ಬೇಸಿಗೆ ಬಂತೆಂದರೆ ಹೊಂಗೆ ಹೂ ಸುರಿಸುತ್ತದೆ. ಕವಿಗಳು ಬಂದು ನೋಡಬೇಕು, ಆದರೆ ಒಣಗಿದ ಹೂವನ್ನು ವೈಪರ್ ಸಂದಿಯಿಂದ ಹೆಕ್ಕುವಾಗ ಬಂದರೆ ಇನ್ನೂ ಒಳ್ಳೆಯದು. ಮೇಲಿನ ಕೊಂಬೆಯಲ್ಲಿ ಕಾಗೆಗಳ ಹಗಲು ಪಾಳಿ. ಅವುಗಳ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿರುತ್ತದೆ; ಬಿಸಿಲಿಗೆ ಬಿಟ್ಟರೆ ಪೇಂಟಿನಲ್ಲಿ ಶಾಶ್ವತ ಗುರುತು. ರಾತ್ರಿ ಪಾಳಿ ಬಾವಲಿಗಳದ್ದು. ನೇರಳೆ ಕಾಲದಲ್ಲಿ ಅವು ಎರಡು ಬೀದಿ ಆಚೆ ಊಟ ಮುಗಿಸಿ ನಮ್ಮ ಕಾರಿನ ಮೇಲೆ ಕೈ ತೊಳೆಯುತ್ತವೆ.

ಇನ್ನು ನೀರಿನ ವಿಷಯ. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ತತ್ವಾರ ಬಂದಾಗ, ಕುಡಿಯುವ ನೀರಿನಲ್ಲಿ ವಾಹನ ತೊಳೆದರೆ 5,000 ರೂಪಾಯಿ ದಂಡವೆಂದು ಜಲಮಂಡಳಿ ಆದೇಶ ಹೊರಡಿಸಿತು. ಅಂದಿನಿಂದ ನಮ್ಮ ಬೀದಿಯಲ್ಲಿ ಪೈಪು ಹಿಡಿದವರೆಲ್ಲ "ಬೋರ್ ನೀರು, ಬೋರ್ ನೀರು" ಎಂದು ಕೇಳದವರಿಗೂ ಹೇಳುವುದನ್ನು ಕಲಿತರು. ಬೋರ್ ನೀರಿನಲ್ಲಿ ಸುಣ್ಣದಂಶ ಹೆಚ್ಚು. ಹನಿ ಆರಿದ ಕಡೆಯೆಲ್ಲ ಬಿಳಿ ಉಂಗುರ ಬಿಟ್ಟು ಹೋಗುತ್ತದೆ.

ಇದಕ್ಕೆಲ್ಲ ಒಂದೇ ಔಷಧ, ವ್ಯಾಕ್ಸ್ ಹಚ್ಚಿ ಎಂದು ಹಿತೈಷಿಗಳೆಲ್ಲ ಹೇಳಿದರು. ಯಾವ ವ್ಯಾಕ್ಸ್ ಎಂದು ಕೇಳಿದರೆ ಒಬ್ಬರ ಮಾತು ಇನ್ನೊಬ್ಬರಿಗೆ ತಾಳೆಯಾಗಲಿಲ್ಲ. ಸರಿ, ಜೆ.ಸಿ. ರಸ್ತೆಗೆ ಹೊರಟೆ. ಕಾರಿಗೆ ಸಂಬಂಧಪಟ್ಟದ್ದು ಅಲ್ಲಿ ಸಿಗದಿದ್ದರೆ ಅದು ಇನ್ನೂ ತಯಾರಾಗಿಲ್ಲವೆಂದೇ ತಿಳಿಯಬೇಕು.

ಅಂಗಡಿಯ ಯುವಕ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಬಂದ. "ಸೆರಾಮಿಕ್ ಹೊಡೆಸ್ಬಿಡಿ ಸಾರ್. ಲೈಫ್‌ಟೈಮ್ ಗ್ಯಾರಂಟಿ."

"ಯಾರ ಲೈಫ್‌ಟೈಮು?"

ಆತ ಒಮ್ಮೆ ನನ್ನ ತಲೆಗೂದಲು ನೋಡಿದ, ಒಮ್ಮೆ ಕಾರಿನ ನಂಬರ್ ಪ್ಲೇಟು ನೋಡಿದ. "ಯಾವುದು ಮೊದಲು ಮುಗಿಯುತ್ತೋ ಅದು ಸಾರ್."

ವ್ಯಾಪಾರದಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ. ಅಲ್ಲಿಯೇ ಒಪ್ಪಿಬಿಡುತ್ತಿದ್ದೆನೇನೋ, ಆದರೆ ಆತ ಮಾತು ಮುಂದುವರಿಸಿ "ನೈನ್ ಎಚ್ ಸಾರ್, ವಜ್ರಕ್ಕೆ ಒಂದು ಮೆಟ್ಟಿಲು ಕಡಿಮೆ" ಎಂದುಬಿಟ್ಟ. ವಜ್ರಕ್ಕೆ 10 ಅಂಕ ಕೊಡುವ ಮಾಪಕ ಬೇರೆ, ಅದು ಖನಿಜಗಳನ್ನು ಅಳೆಯುವ ಮೋಹ್ಸ್‌ನದು. ಈ 9 ಎಚ್ ಪೆನ್ಸಿಲಿನ ಲೆಕ್ಕ. ನಾವು ಡ್ರಾಯಿಂಗ್ ಕ್ಲಾಸಿನಲ್ಲಿ ಎಚ್‌ಬಿ, ಟೂ ಬಿ ಎಂದು ಕೊಳ್ಳುತ್ತಿದ್ದೆವಲ್ಲ, ಅದೇ ಸಾಲಿನ ಗಟ್ಟಿ ತುದಿ. ಪೆನ್ಸಿಲನ್ನು ಒತ್ತಿ ತಳ್ಳಿದಾಗ ಗೀರು ಬೀಳದಿದ್ದರೆ ಲೇಪನ ಪಾಸು. ಪರೀಕ್ಷೆ ಒಳ್ಳೆಯದೇ. ಆದರೆ ನಮ್ಮ ಬೀದಿಯ ಹುಡುಗರು ಕಾರಿನ ಮೇಲೆ ಪೆನ್ಸಿಲಿನಲ್ಲಿ ಬರೆಯುವುದಿಲ್ಲ, ಮೊಳೆಯಲ್ಲಿ ಬರೆಯುತ್ತಾರೆ. ಇಪ್ಪತ್ತು ಸಾವಿರದ ಮೇಲಿನ ಆ ಲೇಪನವನ್ನು ಅಲ್ಲಿಗೇ ಕೈಬಿಟ್ಟೆ. ಮುಚ್ಚಿದ ಗ್ಯಾರೇಜು, ಹೊಸ ಕಾರು, ತುಂಬಿದ ಜೇಬು ಮೂರೂ ಇರುವವರು ಖಂಡಿತ ಹಾಕಿಸಿಕೊಳ್ಳಲಿ. ಅದು ವರ್ಷಗಟ್ಟಲೆ ನಿಲ್ಲುವುದೂ ನಿಜ.

ಎರಡನೆಯದಾಗಿ ಕಪಾಟಿನಿಂದ ಇಳಿದದ್ದು ಕಾರ್ನೂಬಾ. ಬ್ರೆಜಿಲ್‌ನ ಈಶಾನ್ಯ ಸೀಮೆಯಲ್ಲಿ ಬೆಳೆಯುವ ತಾಳೆ ಜಾತಿಯ ಮರ ಅದು. ಒಣಹವೆಗೆ ಎಲೆಯ ತೇವ ಆರದಿರಲೆಂದು ಮರ ತಾನೇ ಎಲೆಗೆ ಮೇಣ ಸವರಿಕೊಳ್ಳುತ್ತದೆ. ಅಲ್ಲಿಯವರು ಎಲೆ ಕೊಯ್ದು, ಒಣಗಿಸಿ, ಬಡಿದು ಆ ಮೇಣವನ್ನು ಉದುರಿಸುತ್ತಾರೆ. ಕರಗಲು 82ರಿಂದ 86 ಡಿಗ್ರಿ ಸೆಲ್ಸಿಯಸ್ ಬೇಕಾಗುವಷ್ಟು ಗಟ್ಟಿ ಸರಕು. ಹಾಗೆಯೇ ಉಜ್ಜಲು ಬಾರದು, ಎಣ್ಣೆ ದ್ರಾವಕ ಬೆರೆಸಲೇಬೇಕು. ಹಾಗಿದ್ದರೆ ಡಬ್ಬಿಯ ಮೇಲಿನ "ನೂರಕ್ಕೆ ನೂರು ಕಾರ್ನೂಬಾ" ಏನು ಎಂದು ಕೇಳಬೇಡಿ. ನಮ್ಮ ಹಾಲಿನವನ ಹಾಲಿನ ಹಾಗೆ, ನೀರೊಂದು ಬಿಟ್ಟರೆ ಉಳಿದದ್ದೆಲ್ಲ ಶುದ್ಧ.

ಈ ಮೇಣವನ್ನು ಲಿಪ್‌ಸ್ಟಿಕ್ಕಿಗೂ ಹಾಕುತ್ತಾರೆ, ಮಕ್ಕಳ ಪೆಪ್ಪರ್‌ಮೆಂಟಿಗೂ ಹಾಕುತ್ತಾರೆ. ಪೊಟ್ಟಣದ ಹಿಂದೆ ಇರುವೆ ಅಕ್ಷರದಲ್ಲಿ 903 ಎಂದಿದ್ದರೆ ಅದು ಇದೇ. ರಜೆಗೆ ಬಂದಿದ್ದ ಮೊಮ್ಮಗನಿಗೆ ಈ ಜ್ಞಾನ ದಾಟಿಸಿದೆ. ಅವನು ಸ್ವಲ್ಪ ಯೋಚಿಸಿ, "ಹಾಗಾದ್ರೆ ತಾತ, ಕಾರನ್ನ ನೆಕ್ಕಬಹುದಾ?" ಎಂದ. ಅವನ ಅಜ್ಜಿ ಒಳಗಿನಿಂದ ನನ್ನ ಹೆಸರು ಹಿಡಿಯದೆ ನನ್ನನ್ನು ಕುರಿತು ಏನೋ ಹೇಳಿದಳು.

ಕಾರ್ನೂಬಾ ಕೊಡುವ ಹೊಳಪಿಗೆ ಒಂದು ಆಳವಿದೆ, ಅದನ್ನು ಅಲ್ಲಗಳೆಯಲಾರೆ. ಆದರೆ ನಮ್ಮ ಬಿಸಿಲು ಮಳೆಗೆ ಅದರ ಆಯಸ್ಸು ಒಂದು ತಿಂಗಳು, ಪುಣ್ಯವಿದ್ದರೆ ಎರಡು. ಮೂರನೆಯದು ಸೀಲಂಟ್, ಕಾರ್ಖಾನೆಯಲ್ಲಿ ಹುಟ್ಟಿದ ಪಾಲಿಮರ್. ವಂಶವೃಕ್ಷ, ಬ್ರೆಜಿಲ್, ತಾಳೆ ಎಲೆ ಯಾವುದೂ ಅದಕ್ಕಿಲ್ಲ. ನಾಲ್ಕು ತಿಂಗಳು, ಆರು ತಿಂಗಳು ಬಾಳುತ್ತದೆ. ಇದರಲ್ಲೂ ಕೈಯಿಂದ ಹಚ್ಚುವ ಲಿಕ್ವಿಡ್ ಬೇರೆ, ಚಿಮುಕಿಸಿ ಒರೆಸುವ ಸ್ಪ್ರೇ ಬೇರೆ. ಸ್ಪ್ರೇ ಸ್ವಲ್ಪ ಬೇಗ ಮುಗಿಯುತ್ತದೆ.

ಹಚ್ಚುವ ಮುಂಚಿನ ಶಾಸ್ತ್ರ ದೊಡ್ಡದು. ತೊಳೆದ ಕಾರಿನ ಮೇಲೆ ಬರಿಗೈ ಆಡಿಸಿದರೆ ನುಣುಪು ಎನಿಸುತ್ತದೆ. ಈಗ ಕೈಯನ್ನು ತೆಳು ಪ್ಲಾಸ್ಟಿಕ್ ಕವರಿನೊಳಗೆ ತೂರಿಸಿ ಅದೇ ಜಾಗ ಸವರಿ. ಬೆರಳ ತುದಿಗೆ ಸಣ್ಣ ಮರಳು ತಾಗಿದಂತಾಗುತ್ತದೆ, ಕವರು ಸರಸರ ಸದ್ದು ಮಾಡುತ್ತದೆ. ಬ್ರೇಕಿನ ಪುಡಿ, ಮರದ ಅಂಟು, ಎಲ್ಲಿಂದಲೋ ಹಾರಿಬಂದ ಪೇಂಟು ಮೇಲ್ಮೈಯಲ್ಲಿ ಕಚ್ಚಿ ಕೂತಿರುತ್ತವೆ. ಕ್ಲೇ ಎಂಬ ಮೆತ್ತನೆಯ ಮುದ್ದೆಯನ್ನು ಸೋಪುನೀರಿನ ಮೇಲೆ ಜಾರಿಸಿ ಅದನ್ನೆಲ್ಲ ಎತ್ತಬೇಕು. ಒತ್ತಿ ಉಜ್ಜುವಂತಿಲ್ಲ. ನಾವು ಇಷ್ಟೆಲ್ಲ ಆರೈಕೆ ಮಾಡುವ, ಪೇಂಟಿನ ಮೇಲಿನ ಪಾರದರ್ಶಕ ಪದರವಾದ ಕ್ಲಿಯರ್ ಕೋಟ್ ಇರುವುದೇ 40–50 ಮೈಕ್ರಾನ್, ತಲೆಗೂದಲಿಗಿಂತ ತೆಳು.

ಆಮೇಲೆ ನೆರಳು ಬೇಕು, ಬಾನೆಟ್ ಮುಟ್ಟಿದರೆ ತಣ್ಣಗಿರಬೇಕು. ನೆರಳೆಂದರೆ ನಮಗೆ ಹೊಂಗೆ, ಹೊಂಗೆಯೆಂದರೆ ಕಾಗೆ. ಲಿಕ್ವಿಡ್ಡನ್ನು ಎಷ್ಟು ತೆಳ್ಳಗೆ ಹಚ್ಚಿದರೆ ಅಷ್ಟು ಒಳ್ಳೆಯದು. ದಪ್ಪ ಬಳಿದರೆ ಆಯಸ್ಸು ಹೆಚ್ಚುವುದಿಲ್ಲ, ಒರೆಸುವವನ ರಟ್ಟೆಯ ಆಯಸ್ಸು ಕಡಿಮೆಯಾಗುತ್ತದೆ. ಮಂಜು ಕಟ್ಟಿದ ಮೇಲೆ ಬೆರಳಲ್ಲಿ ಒಂದು ಗೆರೆ ಎಳೆದು, ಗೆರೆ ಸ್ವಚ್ಛವಾಗಿ ಬಂದರೆ ಒರೆಸಬಹುದು. ಕಪ್ಪು ಪ್ಲಾಸ್ಟಿಕ್ ಭಾಗಕ್ಕೆ ಮಾತ್ರ ತಾಗಬಾರದು. ಎದುರು ಮನೆಯ ಮೇಷ್ಟ್ರು ಉತ್ಸಾಹದಲ್ಲಿ ಬಂಪರಿಗೂ ಬಳಿದರು. ಆ ಬಿಳಿ ಪಟ್ಟೆ ನೋಡಿದವರು ಆಯುಧಪೂಜೆಯ ವಿಭೂತಿ ಇನ್ನೂ ಅಳಿಸಿಲ್ಲವಲ್ಲ, ಎಂಥ ದೈವಭಕ್ತರು ಎನ್ನುತ್ತಾರೆ.

ಇಷ್ಟೆಲ್ಲ ತಿಳಿದ ಮೇಲೆ ನಾನು ಕೊಂಡದ್ದು ಸ್ಪ್ರೇ. ಬಾಟಲಿಯ ಮೇಲೆ ಬರೆದ ಆಯಸ್ಸು ಬಾಟಲಿಯದು. ಅದನ್ನು ಕೈಗೆತ್ತಿಕೊಳ್ಳುವ ಉತ್ಸಾಹದ ಆಯಸ್ಸು ನನ್ನದು. ಆರು ತಿಂಗಳ ಸೀಲಂಟನ್ನು ಶಾಸ್ತ್ರೋಕ್ತವಾಗಿ ಹಚ್ಚಬೇಕೆಂದು ಮುಹೂರ್ತ ಹುಡುಕುತ್ತ ಒಂದೂವರೆ ವರ್ಷ ಕಳೆಯುವವರನ್ನು ಬಲ್ಲೆ. ಸ್ಪ್ರೇಯಾದರೆ ತೊಳೆದ ಕಾರು ಇನ್ನೂ ಹಸಿಯಿರುವಾಗಲೇ ಚಿಮುಕಿಸಿ, ಮೈಕ್ರೋಫೈಬರ್ ಬಟ್ಟೆಯಲ್ಲಿ ಎಳೆದು, ಬಟ್ಟೆ ಮಗುಚಿ ಇನ್ನೊಮ್ಮೆ ಒರೆಸಿದರೆ ಆಯಿತು. ಎರಡನೇ ಕಾಫಿಗೂ ಸ್ನಾನಕ್ಕೂ ನಡುವೆ ಮುಗಿಯುವ ಕೆಲಸ. ನೀರು ಗುಂಡಾಗಿ ಉರುಳುವುದು ನಿಂತಾಗ ಮತ್ತೆ ಹಚ್ಚಬೇಕು. ಮಧ್ಯೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಬಾರದು, ಅದು ಜಿಡ್ಡಿನ ಜೊತೆಗೆ ಹಚ್ಚಿದ್ದನ್ನೂ ಎಬ್ಬಿಸಿಬಿಡುತ್ತದೆ.

ಈ ವ್ಯಾಪಾರದ ಹಿರಿಯರಲ್ಲಿ ಒಬ್ಬ, ಟರ್ಟಲ್ ವ್ಯಾಕ್ಸ್ ಕಂಪನಿಯ ಬೆನ್ ಹಿರ್ಷ್. 1940ರ ದಶಕದಲ್ಲಿ ಷಿಕಾಗೋದಲ್ಲಿ ಮನೆಯ ಬಚ್ಚಲ ತೊಟ್ಟಿಯಲ್ಲೇ ಪಾಲಿಷ್ ಕಲಸುತ್ತಿದ್ದನಂತೆ. ನಿಲ್ಲಿಸಿದ್ದ ಯಾರದೋ ಕಾರಿನ ಒಂದೇ ಒಂದು ಮಡ್‌ಗಾರ್ಡ್ ಉಜ್ಜಿ ಹೊಳೆಯಿಸಿ, ಮಾಲೀಕ ಬರುವ ತನಕ ಪಕ್ಕದಲ್ಲಿ ಕಾಯುತ್ತಿದ್ದನೆಂದು ಕಥೆ. ಒಂದು ಬೆಳಿಗ್ಗೆ ಇದನ್ನು ನಮ್ಮ ಬೀದಿಯ ಕಾರು ಒರೆಸುವವನಿಗೆ ಹೇಳಿದೆ. ಅವನದು ಒಂದು ಬಕೆಟ್ಟು, ಒಂದು ಬಟ್ಟೆ, ಬೀದಿ ತುಂಬ ಕಾರುಗಳು. ಮೊದಲ ಕಾರಿನ ಮಣ್ಣು ಕೊನೆಯ ಕಾರಿನ ಮೈಮೇಲೆ ಗೀರಾಗುತ್ತದೆಂದು ಎಷ್ಟೋ ಸಲ ಹೇಳಿ ಸೋತಿದ್ದೆ. ಈ ಕಥೆಯನ್ನು ಮಾತ್ರ ಅವನು ಬಕೆಟ್ಟು ಕೆಳಗಿಟ್ಟು ಕೇಳಿದ. ಬಾಟಲಿಯ ತಳದಲ್ಲಿ ಉಳಿದದ್ದನ್ನು ಬೇಡಿ ಇಸಕೊಂಡ.

ಮುಂದಿನ ಭಾನುವಾರ ಪಕ್ಕದ ಮನೆಯವರು ಗೇಟಿನ ಹತ್ತಿರ ನಿಂತು ಕರೆದರು. "ಏನ್ರೀ, ಸ್ವಲ್ಪ ಬನ್ನಿ ಇಲ್ಲಿ. ನಮ್ಮ ಕಾರಿನ ಎಡಗಡೆ ಬಾಗಿಲು ಮಾತ್ರ ಹೀಗೆ ಹೊಳೀತಿದೆ, ಯಾಕೆ ಅಂತ?"

ನಾನು ಬಾಯಿ ತೆರೆಯುವ ಮೊದಲೇ ಮೂರನೇ ಕಾರಿನ ಹಿಂದಿನಿಂದ ಉತ್ತರ ಬಂತು. "ಬಲಗಡೆದು ಸಂಬಳ ಜಾಸ್ತಿ ಮಾಡಿದ್ಮೇಲೆ ಸಾರ್."