ಹಿಮ್ಮಡಿಯಿಂದ ತುಟಿಗೆ

ಜವಾನನಾಗಿ ಸೇರಿದವನು ಕಾರ್ಯದರ್ಶಿಯಾಗಿ ನಿವೃತ್ತನಾಗುವುದು ಯಾವ ಇಲಾಖೆಯಲ್ಲೂ ಅಪರೂಪ. ಮುರುಗಲ ತುಪ್ಪಕ್ಕೆ ಅಂಥ ಬಡ್ತಿ ಸಿಕ್ಕಿಬಿಟ್ಟಿದೆ. ನಮ್ಮ ಶಿರಸಿ, ಸಾಗರದ ಕಡೆ ಅದು ತಲೆಮಾರುಗಳಿಂದ ಹಿಮ್ಮಡಿಯ ಸೇವೆಯಲ್ಲಿತ್ತು. ಚಳಿಗಾಳಿ ಬಿಟ್ಟು, ಅಡಿಕೆ ಸುಲಿಯುವವರ ಕೈಕಾಲು ಬಿರಿಯತೊಡಗಿದಾಗ ಮಾಡಿನ ಸಂದಿಯಿಂದ ಗೆರಟೆಯೊಂದು ಕೆಳಗಿಳಿಯುತ್ತಿತ್ತು. ಅದರೊಳಗಿನ ಗಟ್ಟಿ ಉಂಡೆಯನ್ನು ಚೂರು ಕೆರೆದು, ದೀಪದ ಮೇಲೆ ಕರಗಿಸಿ, ಬಿರುಕಿಗೆ ಹನಿಸಿದರೆ ಅಜ್ಜ ಒಮ್ಮೆ 'ಸ್ಸ್' ಎಂದು ಕಾಲೆಳೆದುಕೊಂಡು, ಆಮೇಲೆ ಇನ್ನೊಂದು ಕಾಲನ್ನೂ ಮುಂದೆ ಚಾಚುತ್ತಿದ್ದರು. ಈಗ ಅದೇ ತುಪ್ಪ ಬೆಂಗಳೂರಿನ ಮಾಲುಗಳಲ್ಲಿ ಬೆರಳುದ್ದದ ಕೊಳವೆಯೊಳಗೆ ಕೂತು, ತುಟಿಯವರೆಗೆ ಏರಿದೆ. ಹಿಮ್ಮಡಿಯ ಹಳೆಯ ಪರಿಚಯವನ್ನು ಅದು ಯಾರಿಗೂ ಹೇಳುವುದಿಲ್ಲ.

ಮುರುಗಲು ಘಟ್ಟದ ಕಾಡುಮರ. ಕರಾವಳಿಯವರ ಪುನರ್ಪುಳಿ ಇದೇ. ಏಪ್ರಿಲ್, ಮೇ ತಿಂಗಳಲ್ಲಿ ಹಣ್ಣು ಕೆಂಪಾಗಿ ಉದುರುತ್ತದೆ, ಮಳೆ ಹಿಡಿಯುವುದರೊಳಗೆ ಹೆಕ್ಕಿಕೊಳ್ಳಬೇಕು. ಸಿಪ್ಪೆಗೆ ಮೊದಲಿನಿಂದಲೂ ಮರ್ಯಾದೆ ಇತ್ತು. ಪಾನಕವಾಗಿ, ಸಾರಾಗಿ ಅದು ನೆಂಟರ ಮುಂದೆ ಬರುತ್ತಿತ್ತು. ಬೀಜದ ಪಾಲಿಗೆ ಅಂಗಳದ ಮೂಲೆ. ಅದನ್ನು ತೊಳೆದು, ಖಣಖಣ ಎನ್ನುವಷ್ಟು ಒಣಗಿಸಿ, ಸಿಪ್ಪೆ ಬಿಡಿಸಿ, ಒಳಗಿನ ಪಪ್ಪನ್ನು ಒರಳಲ್ಲಿ ಕುಟ್ಟಿ, ನೀರಿಗೆ ಹಾಕಿ ಕುದಿಸಬೇಕು. ಜಿಡ್ಡು ಮೇಲೆ ತೇಲುತ್ತದೆ. ಆರಲು ಬಿಟ್ಟರೆ ಬೆಳಗಾಗುವುದರೊಳಗೆ ಬೆಳ್ಳನೆಯ ಹೆಪ್ಪು. ಅದನ್ನೆತ್ತಿ, ನೀರಿನ ಪಸೆ ಹೋಗುವಂತೆ ಮತ್ತೊಮ್ಮೆ ಕಾಯಿಸಿ, ಗೆರಟೆಗೆ ಹುಯ್ದರೆ ಮುಗಿಯಿತು. ಇಷ್ಟೆಲ್ಲ ಮಾಡಿದವರ ಅಂಗೈ ಒರಳಿನ ಒನಕೆಗೆ ಬೊಬ್ಬೆ ಬಂದಿರುತ್ತದೆ. ಆ ಬೊಬ್ಬೆಗೇ ಮೊದಲ ಲೇಪ. ಮನೆಯಲ್ಲೇ ಮಾಡುವ ಸೌಂದರ್ಯಸಾಧನಗಳಲ್ಲಿ ತಯಾರಿಗೂ ಬಳಕೆಗೂ ಇಷ್ಟು ಹತ್ತಿರದ ಸಂಬಂಧ ಬೇರೆಲ್ಲೂ ನಾನು ಕಂಡಿಲ್ಲ.

ಈ ತುಪ್ಪಕ್ಕೆ ಸ್ವಲ್ಪ ಬಿಗುಮಾನ ಜಾಸ್ತಿ. ಕರಗಲು ಅದಕ್ಕೆ ಹತ್ತಿರ ಹತ್ತಿರ 40 ಡಿಗ್ರಿ ಶಾಖ ಬೇಕು. ನಮ್ಮ ಮೈಯ ಒಳಗೇ ಇರುವುದು 37, ಚರ್ಮದ ಮೇಲೆ ಇನ್ನೂ ಕಡಿಮೆ. ಹಾಗಾಗಿ ಉಂಡೆಯನ್ನು ಹಾಗೇ ಉಜ್ಜಿದರೆ ತುಟಿ ಸವೆಯುತ್ತದೆಯೇ ಹೊರತು ತುಪ್ಪವಲ್ಲ. ಒಂದು ಪಾಲಿಗೆ ಎರಡು ಮೂರು ಪಾಲು ಕೊಬ್ಬರಿ ಎಣ್ಣೆ ಬೆರೆಸಿ ಕರಗಿಸಿಟ್ಟರೆ ದಾರಿಗೆ ಬರುತ್ತದೆ. ಬೆಂಗಳೂರಿನಿಂದ ಬಂದ ಸೊಸೆಯೊಬ್ಬಳು ಇದನ್ನು ಪುಟ್ಟ ಡಬ್ಬಿಗೆ ತುಂಬುತ್ತ, "ಅತ್ತೆ, ಇದರ ಎಕ್ಸ್‌ಪೈರಿ ಡೇಟ್ ಯಾವಾಗ?" ಎಂದಳಂತೆ. "ಖಾಲಿಯಾದ ದಿವಸ" ಎಂದು ಉತ್ತರ ಬಂತು. ಅತ್ತೆಯ ಮಾತಿನಲ್ಲಿ ಅರ್ಧ ಶಾಸ್ತ್ರವೂ ಇದೆ. ನೀರಿಲ್ಲದ ಜಿಡ್ಡಿಗೆ ಬೂಷ್ಟು ಹಿಡಿಯುವುದಿಲ್ಲ, ಕನಲು ವಾಸನೆ ಬರಲೂ ಬಹಳ ಕಾಲ ಬೇಕು. ಅದಕ್ಕೇ ಗುಲಾಬಿ ನೀರು, ಲೋಳೆಸರ ಸುರಿದು 'ಕ್ರೀಮು' ಮಾಡಿದರೆ ಕೆಲವೇ ದಿನದಲ್ಲಿ ಅದರ ಮೇಲೆ ಬೇರೊಂದು ಕಾಡು ಹುಟ್ಟುತ್ತದೆ.

ಲೋಳೆಸರದ ಮಾತು ಬಂತಲ್ಲ, ಅದರ ಎಲೆ ಕೊಯ್ದೊಡನೆ ಹಳದಿ ಸೊನೆ ಇಳಿಯುತ್ತದೆ. ಎಲೆಯನ್ನು ನಿಲ್ಲಿಸಿಟ್ಟು ಅದನ್ನು ಪೂರಾ ಇಳಿಯಗೊಡದೆ ಬಳಿದುಕೊಂಡರೆ ಕೆಲವರಿಗೆ ತಂಪಿನ ಬದಲು ತುರಿಕೆ. ಲಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದರಂತೂ ಬೆಳ್ಳಗಾಗುವ ಆಸೆಗೆ ಕಪ್ಪು ಕಲೆಯೇ ಬಹುಮಾನ. ಸೀಗೆ, ಅಂಟುವಾಳ ಕಣ್ಣಿಗೆ ಬಿದ್ದಾಗ ನಾವು ಮಕ್ಕಳೆಲ್ಲ ಬಚ್ಚಲಲ್ಲಿ ಹಾಕುತ್ತಿದ್ದ ಕೂಗು ಪಕ್ಕದ ಕೇರಿಗೆ ಕೇಳುತ್ತಿತ್ತು. ಆ ನೊರೆಗೆ ಕಾರಣವಾದ ಸಪೋನಿನ್ ಕೂಡ ರಾಸಾಯನಿಕವೇ; ಅದರ ಕಾರ್ಖಾನೆ ಮುಳ್ಳಿನ ಬಳ್ಳಿಯ ಮೇಲೋ ಮರದ ಮೇಲೋ ಇದೆ, ಅಷ್ಟೇ. 'ಕಾಡಿನದ್ದು, ಏನೂ ಆಗುವುದಿಲ್ಲ' ಎನ್ನುವವರನ್ನು ಹೊಳಗೇರು ಮರದ ಬುಡಕ್ಕೆ ಕರೆದುಕೊಂಡು ಹೋಗಬೇಕು. ಅದೂ ಅಪ್ಪಟ ನೈಸರ್ಗಿಕ. ಅದರ ಸೊನೆ ತಾಗಿದ ಮುಖ ಊದಿ, ಗುಳ್ಳೆಯೆದ್ದು, ಸ್ವಂತ ಹೆಂಡತಿಗೂ ಗುರುತು ಸಿಗುವುದಿಲ್ಲ. ಮಲೆನಾಡಿನ ಹಳಬರು ಸೊಪ್ಪಿಗೆ ಹೋಗುವಾಗ ಮೊದಲು ಕಲಿಯುತ್ತಿದ್ದುದು ಯಾವುದನ್ನು ಮುಟ್ಟಬಾರದು ಎಂಬುದನ್ನು. ಈಗಿನ ವಿಡಿಯೋಗಳಲ್ಲಿ ಆ ಪಾಠವೇ ಕಾಣೆ. ಎಲ್ಲ ಎಲೆಯೂ ಮಿಕ್ಸರಿಗೆ ಹೋಗಿ ಹಸಿರು ಮುಖವಾಗಿ ಹೊರಬರುತ್ತದೆ.

ಮುರುಗಲು ಈ ಮಟ್ಟಿಗೆ ಸಾಧು. ಮುಖ ಬೆಳಗಿಸುತ್ತೇನೆಂದು ಅದು ಯಾವತ್ತೂ ಹೇಳಿದ್ದಿಲ್ಲ. ಒಡೆದದ್ದನ್ನು ಮುಚ್ಚುತ್ತದೆ, ಒಳಗಿನ ಪಸೆ ಆರದಂತೆ ಕಾಯುತ್ತದೆ, ಅಲ್ಲಿಗೆ ಅದರ ಕೆಲಸ ಮುಗಿಯಿತು. ಮಿಕ್ಕಿದ್ದನ್ನು ದೋಸೆ ಕಾವಲಿಗೆ ಸವರಬಹುದು, ತಿನ್ನುವ ತುಪ್ಪವೇ ತಾನೆ. ಮಾಲಿನಿಂದ ತಂದ ಕೊಳವೆ ಹಿಂಡಿ ದೋಸೆ ಹುಯ್ಯುವ ಧೈರ್ಯ ಮಾಡಿದವರು ನಮ್ಮ ಊರಲ್ಲಿ ಇನ್ನೂ ಯಾರೂ ಇಲ್ಲ.