2 ನ್ಯಾನೋಮೀಟರ್, ಏರ್‌ಪೋರ್ಟಿಗೆ 10 ನಿಮಿಷ

ಯಲಹಂಕ ಉಪನಗರದ ನಮ್ಮ ದರ್ಶಿನಿಗೆ ಬರುವ ಪೇಪರಿನಲ್ಲಿ ತಂತ್ರಜ್ಞಾನದ ಪುಟಕ್ಕೆ ಇರುವುದು ಒಬ್ಬರೇ ಓದುಗರು. ಗಾಲಿ ಕಾರ್ಖಾನೆಯಿಂದ ನಿವೃತ್ತರಾದವರು. ಅದು ಇನ್ನೂ ‘ವ್ಹೀಲ್ ಅಂಡ್ ಆಕ್ಸಲ್ ಪ್ಲಾಂಟ್’ ಆಗಿದ್ದ ಕಾಲದಲ್ಲೇ ಸೇರಿ, ರೈಲಿನ ಗಾಲಿಗಳಿಗೆ ಗೇಜು ಹಿಡಿದು ಅಳೆದೇ ತಲೆ ಹಣ್ಣಾಗಿಸಿಕೊಂಡವರು. ಯಾವ ಸುದ್ದಿ ಬಂದರೂ ಅವರದು ಒಂದೇ ಪ್ರಶ್ನೆ: “ಗೇಜು ಹಿಡಿದು ನೋಡಿದ್ರೇನ್ರೀ?” ನಾವು ಬೆನ್ನ ಹಿಂದೆ ಅವರನ್ನು ಗೇಜು ಸಾಹೇಬರು ಅನ್ನುತ್ತೇವೆ. ಎದುರಿಗೆ ಬರೀ ಸಾರ್.

ಮೊನ್ನೆ 2 ನ್ಯಾನೋಮೀಟರ್ ಚಿಪ್ಪಿನ ಸುದ್ದಿ ಬಂದಿತ್ತು. “ಇದರೊಳಗೆ 2 ನ್ಯಾನೋಮೀಟರ್ ಇರೋದು ಯಾವುದು? ಉದ್ದವೋ, ಅಗಲವೋ, ದಪ್ಪವೋ?” ಎಂದು ಸಾಹೇಬರು ಇಡ್ಲಿ ಬಿಟ್ಟು ನನ್ನ ಮೇಲೆ ಬಿದ್ದರು. ಒಪ್ಪಿಕೊಳ್ಳಲೇಬೇಕು, ಅವರ ಕಡೆಯೇ ನ್ಯಾಯವಿತ್ತು. ಆ ಚಿಪ್ಪಿಗೆ ಹೆಸರು ಕೊಟ್ಟ ಆ 2ನ್ನು ಒಳಗೆ ಎಲ್ಲೂ ಬೆರಳಿಟ್ಟು ತೋರಿಸಲಾಗದು. ಒಂದು ಟ್ರಾನ್ಸಿಸ್ಟರಿನ ಗೇಟಿಗೂ ಪಕ್ಕದ್ದರ ಗೇಟಿಗೂ ನಡುವಿನ ಅಂತರವೇ ಹತ್ತಾರು ನ್ಯಾನೋಮೀಟರ್. ಒಂದು ಕಾಲಕ್ಕೆ ಆ ಅಂಕಿಗೂ ಗೇಟಿನ ಉದ್ದಕ್ಕೂ ನಿಜವಾದ ನಂಟಿತ್ತು. 1990ರ ದಶಕ ಮುಗಿಯುವ ಹೊತ್ತಿಗೆ ಅದು ಕಳಚಿ, ಈಗ ಅಂಕಿ ಬರೀ ಹೆಸರು. ಕಿಟಕಿಯಿಂದ ಎದುರು ಮನೆಯ ನೀರಿನ ಟ್ಯಾಂಕ್ ಕಾಣುವ ಫ್ಲ್ಯಾಟಿಗೆ ‘ಲೇಕ್ ವ್ಯೂ’ ಎಂದು ಬೋರ್ಡು ಬರೆಸಿದ ಹಾಗೆ.

ಈ ಭಾಷೆಯನ್ನು ಯಲಹಂಕದವರಿಗೆ ಯಾರೂ ಕಲಿಸಬೇಕಾಗಿಲ್ಲ. 2008ರಲ್ಲಿ ದೇವನಹಳ್ಳಿಯ ಕಡೆ ವಿಮಾನ ಇಳಿಯತೊಡಗಿದ್ದೇ ತಡ, ಇಲ್ಲಿಂದ ದೊಡ್ಡಬಳ್ಳಾಪುರದವರೆಗಿನ ಪ್ರತಿ ರಾಗಿ ಹೊಲವೂ ‘ಏರ್‌ಪೋರ್ಟಿಗೆ 10 ನಿಮಿಷ’ ಆಯಿತು. ವಿಮಾನದಲ್ಲಿ ಹೋದರೆ ಇರಬಹುದು. ಹಾಗಾಗಿ ‘30 ಗಂಟೆಯವರೆಗೆ ಬ್ಯಾಟರಿ’ ಎಂದರೆ ‘ವರೆಗೆ’ಯ ಮೇಲೆ ನಮ್ಮ ಕಣ್ಣು ತಾನಾಗಿಯೇ ನಿಲ್ಲುತ್ತದೆ. ಒಂದು ಟೆರಾಬೈಟ್ ಡಿಸ್ಕ್ ತಂದು ಹಾಕಿದರೆ ವಿಂಡೋಸ್ 931 ಜಿಬಿ ಎಂದು ತೋರಿಸುತ್ತದಲ್ಲ, ಅದರಲ್ಲಿ ಮೋಸವೇನಿಲ್ಲ. ಮಾರುವವನು ಸಾವಿರದ ಲೆಕ್ಕ ಹಿಡಿಯುತ್ತಾನೆ, ವಿಂಡೋಸ್ 1024ರ ಲೆಕ್ಕ ಹಿಡಿಯುತ್ತದೆ. ಇದಕ್ಕೆ ನಮ್ಮ ಕಡೆ ಸೂಪರ್ ಬಿಲ್ಟ್ ಅಪ್ ಏರಿಯಾ ಅನ್ನುತ್ತಾರೆ. ಲಿಫ್ಟು, ಮೆಟ್ಟಿಲು, ವಾಚ್‌ಮನ್ ಕೂರುವ ಜಾಗಕ್ಕೂ ನೀವೇ ಹಣ ಕೊಟ್ಟಿರುತ್ತೀರಿ.

ಒಡಂಬಡಿಕೆಯ ಸುದ್ದಿಗಳಿಗೂ ಸಾಹೇಬರ ಬಳಿ ಗೇಜು ಉಂಟು. 2022ರ ಮೇ ತಿಂಗಳಲ್ಲಿ ಮೈಸೂರಿನ ಬಳಿ 22,900 ಕೋಟಿ ರೂಪಾಯಿಯ ಚಿಪ್ ಕಾರ್ಖಾನೆಗೆ ಐಎಸ್‌ಎಂಸಿ ಎಂಬ ಕಂಪನಿಯೊಂದಿಗೆ ರಾಜ್ಯ ಸರ್ಕಾರ ಸಹಿ ಹಾಕಿತು. ಪೇಪರಿನಲ್ಲಿ ಫೋಟೋ ಬಂತು, ಹೂಗುಚ್ಛವೂ ಬಂತು. “ಅಗ್ರಿಮೆಂಟ್ ಆಗಿದೆ ಕಣ್ರೀ, ರಿಜಿಸ್ಟ್ರೇಷನ್ ಆಗಿಲ್ಲ. ಖಾತೆ ಕೇಳಿ, ಖಾತೆ!” ಅಂದರು ಸಾಹೇಬರು. ಖಾತೆ ಆಗಲೇ ಇಲ್ಲ.

ಇಷ್ಟು ಹೊತ್ತು ಸಾಹೇಬರನ್ನು ಹೊಗಳಿದ್ದಾಯಿತು. ಇನ್ನು ಅವರ ಗೇಜಿಗೇ ಗೇಜು ಹಿಡಿಯೋಣ.

ಗಂಗಮ್ಮನ ಗುಡಿ ಸರ್ಕಲ್ ದಾಟಿದರೆ ಜಾಲಹಳ್ಳಿಯ ಬಿಇಎಲ್. ಭಾರತೀಯ ವಿಜ್ಞಾನ ಸಂಸ್ಥೆಯ ಮೇಷ್ಟ್ರುಗಳೂ ಎನ್‌ಕೋರ್ ಕಂಪನಿಯ ಎಂಜಿನಿಯರುಗಳೂ ಸೇರಿ ರೂಪಿಸಿದ ಸಿಂಪ್ಯೂಟರ್ 2004ರಲ್ಲಿ ‘ಅಮಿದ’ ಎಂಬ ಹೆಸರಿನಲ್ಲಿ ಬಿಇಎಲ್‌ನಿಂದಲೇ ತಯಾರಾಗಿ ಹೊರಬಂತು. ಅಂಗೈಯಲ್ಲಿ ಕೂರುವ ಕಂಪ್ಯೂಟರು, ಬೆಲೆ 10,000 ರೂಪಾಯಿಯ ಆಸುಪಾಸಿನಿಂದ ಶುರು, ಒಳಗೆ ಲಿನಕ್ಸ್. ಕೈಯನ್ನು ಸ್ವಲ್ಪ ವಾಲಿಸಿ ಝಾಡಿಸಿದರೆ ಪರದೆಯ ಮೇಲೆ ಪುಟ ತಿರುಗುತ್ತಿತ್ತು. ಐಫೋನ್ ಹುಟ್ಟಲು ಇನ್ನೂ ಮೂರು ವರ್ಷವಿತ್ತು. ಸಾಹೇಬರು ಆಗ ಏನಂದರು ಗೊತ್ತೇ? “ಕೈ ಝಾಡಿಸಿದ್ರೆ ಪುಟ ತಿರುಗುತ್ತಂತೆ! ಬಿಇಎಲ್‌ನವರು ರೇಡಾರ್ ಮಾಡ್ಕೊಂಡಿರ್ಲಿ.” ಕೆಲವೇ ಕಿಲೋಮೀಟರ್ ಆಚೆ ತಯಾರಾದ ವಸ್ತು. ಗೇಜು ಜೇಬಲ್ಲಿಟ್ಟುಕೊಂಡು ಬಸ್ಸು ಹತ್ತಿ ಹೋಗಿ ನೋಡಬಹುದಿತ್ತು. ಅವರೂ ಹೋಗಲಿಲ್ಲ, ನಾನೂ ಹೋಗಲಿಲ್ಲ. ಸಿಂಪ್ಯೂಟರ್ ಕೆಲವೇ ಸಾವಿರ ಮಾರಾಟವಾಗಿ ಮಲಗಿತು.

2016ರ ನವೆಂಬರಿನಲ್ಲಿ ಮಾತ್ರ ಅದೇ ಸಾಹೇಬರು ಹೊಸ 2,000 ರೂಪಾಯಿ ನೋಟನ್ನು ಬಿಸಿಲಿಗೆ ಹಿಡಿದು ಚಿಪ್ ಹುಡುಕುತ್ತಿದ್ದರು. 120 ಮೀಟರ್ ಆಳದಲ್ಲಿ ಹೂತಿಟ್ಟರೂ ಉಪಗ್ರಹಕ್ಕೆ ಗೊತ್ತಾಗುತ್ತದೆಂದು ಟಿವಿಯವರು ಹೇಳಿದ್ದರಲ್ಲ! ಬ್ಯಾಟರಿಯೇ ಇಲ್ಲದ ಕಾಗದ ನೆಲದಡಿಯಿಂದ ಆಕಾಶಕ್ಕೆ ಹೇಗೆ ಮಾತಾಡುತ್ತದೆ ಎಂದು ಅಂದು ಗೇಜು ಕೇಳಲಿಲ್ಲ. ಚಿಪ್ಪೂ ಇಲ್ಲ ಗಿಪ್ಪೂ ಇಲ್ಲ ಎಂದು ಸರ್ಕಾರವೇ ಹೇಳಿದಾಗ, “ಇದ್ರೆ ಇದೆ ಅಂತಾರೇನ್ರೀ?” ಎಂದು ನಕ್ಕರು.

2025ರ ಕೊನೆಗೆ ಕಂಪ್ಯೂಟರಿನ ಮೆಮೊರಿ, ಅಂದರೆ ರ‍್ಯಾಮ್, ದುಬಾರಿಯಾಗುತ್ತಿದೆ ಎಂಬ ಸುದ್ದಿ ಬಂತು. ಎಐ ಡೇಟಾ ಸೆಂಟರುಗಳಿಗೆ ಬೇಕಾದ ಮೆಮೊರಿಯಲ್ಲಿ ಲಾಭ ಹೆಚ್ಚೆಂದು ತಯಾರಕರು ಅತ್ತ ವಾಲಿದ್ದರು. ಮೈಕ್ರಾನ್ ಕಂಪನಿಯಂತೂ ಮನೆ ಬಳಕೆಯವರಿಗೆಂದೇ ಇದ್ದ ‘ಕ್ರೂಷಿಯಲ್’ ವ್ಯಾಪಾರವನ್ನೇ ಮುಚ್ಚುವುದಾಗಿ 2025ರ ಡಿಸೆಂಬರಿನಲ್ಲಿ ಸಾರಿತು. ಓದಿ ಹೇಳಿದೆ. “ಎಲ್ಲಾ ಬೆಲೆ ಏರಿಸೋ ನಾಟಕ. ಯುಗಾದಿ ಹೊತ್ತಿಗೆ ಇಳಿಯುತ್ತೆ, ಸುಮ್ನಿರಿ” ಎಂದು ಪೇಪರು ಮಡಚಿದರು.

ಮೊಮ್ಮಗನ ಕಂಪ್ಯೂಟರು ತೆವಳುತ್ತಿತ್ತು. ಅವನ ಕಾಟ ತಡೆಯಲಾರದೆ ಒಂದು ಶನಿವಾರ ಸಾಹೇಬರು ರ‍್ಯಾಮ್ ಕೊಳ್ಳಲು ಎಸ್.ಪಿ. ರಸ್ತೆಗೆ ಹೊರಟರು, ಜೊತೆಗೆ ನಾನು. ಅಂಗಡಿಯ ಹುಡುಗ ಬೆಲೆ ಹೇಳಿದ. ಸಾಹೇಬರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಚೌಕಾಸಿಗೆ ಬಾಯಿ ತೆರೆಯುವಷ್ಟರಲ್ಲಿ ಹುಡುಗ ಫೋನಿನಿಂದ ತಲೆಯನ್ನೂ ಎತ್ತದೆ ಅಂದ:

“ಇವತ್ತಿನ ರೇಟು ಸಾರ್ ಇದು. ನಾಳೆ ಬಂದ್ರೆ ಈ ರೇಟಿಗೆ ಸಿಗಲ್ಲ. ಎರಡೇ ಪೀಸ್ ಉಳಿದಿದೆ, ಇನ್ನೊಬ್ರು ಆಗ್ಲೇ ಕೇಳಿ ಹೋಗಿದಾರೆ.”

ಸಾಹೇಬರು ಮರುಮಾತಾಡದೆ ಜೇಬಿಗೆ ಕೈ ಹಾಕಿದರು. “ಎರಡೂ ಕೊಡಪ್ಪ” ಅಂದರು.